ಬೇಕೆಂದೇ ಫೇಲಾದ ಬ್ಯಾಕ್ ರೋ

ಕೋವಿಡ್ ಕಳೆದು ನೈರೋಬಿಯ ಮೈದಾನಗಳೆಲ್ಲ ಮತ್ತೆ ತೆರೆದ ಮಾರನೇ ವರ್ಷದ ಮಾತು. ಆಗ ನಾನು ಲಂಗಾಟಾ ಕಡೆಯ ಒಂದು ಖಾಸಗಿ ಕಾಲೇಜಿನ ರಗ್ಬಿ ತಂಡಕ್ಕೆ ಫಿಸಿಯೋಥೆರಪಿಸ್ಟ್ ಆಗಿದ್ದೆ. ಹಗಲು ಇಂಡಸ್ಟ್ರಿಯಲ್ ಏರಿಯಾದ ಕ್ಲಿನಿಕ್ಕಿನಲ್ಲಿ ಲಾರಿ ಡ್ರೈವರುಗಳ ಸೊಂಟ, ಸಂಜೆ ಮೈದಾನದಲ್ಲಿ ಹುಡುಗರ ಮೊಣಕಾಲು, ನಡುವೆ ಟ್ರಾಫಿಕ್ ಜಾಮಿನಲ್ಲಿ ನನ್ನ ಸೊಂಟ. ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಹುಡುಗರು ‘ದಕ್ತಾರಿ’ ಎಂದೇ ಕರೆಯುತ್ತಿದ್ದರು. ಅವರ ಲೆಕ್ಕದಲ್ಲಿ ಬ್ಯಾಂಡೇಜು ಕಟ್ಟುವವರೆಲ್ಲ ದಕ್ತಾರಿಯೇ.

ನವೆಂಬರಿನಲ್ಲಿ ಲೀಗ್ ಶುರುವಾಗುವ ಮೊದಲು ತಂಡದ ಒಂದೊಂದು ವಿಭಾಗದ ಮೇಲೂ ಒಂದು ಮುನ್ನೋಟ ಬರೆಯಬೇಕು ಎಂಬುದು ಕೋಚ್ ಕಿಮಾನಿಯ ಶಿಸ್ತು. ಆಟದ ಮುನ್ನೋಟ ಅವರದು, ಶರೀರದ ಮುನ್ನೋಟ ನನ್ನದು. ಆ ವರ್ಷ ಅವರು ಮೊದಲು ಕೇಳಿದ್ದು ಬ್ಯಾಕ್ ರೋ ಬಗ್ಗೆ.

ರಗ್ಬಿ ನೋಡದವರಿಗೆ ಇಷ್ಟು ಹೇಳಿಬಿಡುತ್ತೇನೆ. ಸ್ಕ್ರಮ್ ಎಂದರೆ ಎರಡೂ ಕಡೆಯ ಎಂಟೆಂಟು ಜನ ಹೆಗಲಿಗೆ ಹೆಗಲು ಕೊಟ್ಟು ಒಬ್ಬರನ್ನೊಬ್ಬರು ದೂಡುವ ಗುಂಪು. ಆ ಗುಂಪಿನ ಹಿಂದಿನ ಸಾಲಿನಲ್ಲಿರುವ ಮೂವರು, ಅಂದರೆ ಆರು, ಏಳು, ಎಂಟನೇ ನಂಬರಿನವರು, ಬ್ಯಾಕ್ ರೋ. ಅಮೆರಿಕನ್ ಫುಟ್‌ಬಾಲಿನಲ್ಲಿ ಲೈನ್‌ಬ್ಯಾಕರ್ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕಸುಬು. ಚೆಂಡು ಎತ್ತ ಹೋಗುತ್ತದೆಂದು ಎಲ್ಲರಿಗಿಂತ ಮೊದಲು ಮೂಸಿ ನೋಡಬೇಕು, ಓಡಬೇಕು, ಚೆಂಡು ಹಿಡಿದವನನ್ನು ಕೆಡವಬೇಕು, ಅಂದರೆ ಟ್ಯಾಕಲ್ ಮಾಡಬೇಕು. ಕೆಡವುವುದೂ ಇವರೇ, ಹೆಚ್ಚಾಗಿ ಬೀಳುವುದೂ ಇವರೇ.

ನಮ್ಮ ಎಂಟನೇ ನಂಬರು ಒಕೆಲೊ, ತಂಡದ ಕ್ಯಾಪ್ಟನ್. ಬಾಗಿಲಿನಲ್ಲಿ ನಿಂತರೆ ಕೋಣೆಗೆ ಬೆಳಕು ಬರುತ್ತಿರಲಿಲ್ಲ. ಆರನೇ ನಂಬರು ಮುತುವಾ, ಮಾತು ಕಡಿಮೆ, ಡಿಕ್ಕಿ ಜಾಸ್ತಿ. ಏಳನೆಯದು ಆ ವರ್ಷ ಡೆರಿಲ್‌ಗೆ ಸಿಗಬೇಕಿತ್ತು. ಡೆರಿಲ್ ನಮ್ಮ ಲವೀನಾಳ ಮಗ. ಲವೀನಾ ಮಂಗಳೂರಿನವಳು, ಇಲ್ಲಿಯ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ. ಮಗನಿಗೆ ಎರಡೂ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಎರಡು ವರ್ಷ ಸೆಕೆಂಡ್ ಟೀಮಿನಲ್ಲಿ ಮಣ್ಣು ತಿಂದು ಅವನು ಆ ನಂಬರಿನ ಹತ್ತಿರ ಬಂದಿದ್ದ.

ಜೆರ್ಸಿಯ ವಿಷಯದಲ್ಲಿ ಆ ಕಾಲೇಜಿಗೆ ಒಂದು ಪದ್ಧತಿಯಿತ್ತು. ಸೀಸನ್ನಿಗೆ ಮುಂಚಿನ ಕೊನೆಯ ಶನಿವಾರ, ಮನೆಯವರೆಲ್ಲ ಬಂದು ಕೂತಿರುವಾಗ, ಹೋದ ವರ್ಷ ಆ ನಂಬರು ಹಾಕಿದವನು ಈ ವರ್ಷದವನ ಕೈಗೆ ಜೆರ್ಸಿ ಕೊಡುತ್ತಾನೆ. ಒಮ್ಮೆ ಕೈಗೆ ಬಂದರೆ ಸೀಸನ್ ಮುಗಿಯುವವರೆಗೂ ಅದು ಅವನದು. ಕೋಚ್ ಕೂಡ ಕಿತ್ತುಕೊಳ್ಳುವ ಹಾಗಿಲ್ಲ. ತಾನಾಗಿ ಇನ್ನೊಬ್ಬನ ಕೈಗೆ ಕೊಟ್ಟರೆ ಮಾತ್ರ ಬಿಡುಗಡೆ. ಹಾಗೆ ಕೊಟ್ಟವರು ಯಾರೂ ಇರಲಿಲ್ಲ.

ಆ ಶನಿವಾರಕ್ಕೆ ಮೊದಲು ನಾನು ಪ್ರತಿಯೊಬ್ಬನಿಗೂ ಬೇಸ್‌ಲೈನ್ ಪರೀಕ್ಷೆ ಮಾಡಬೇಕಿತ್ತು. ಆಟಗಾರ ಆರೋಗ್ಯವಾಗಿರುವಾಗ ಅವನ ನೆನಪು, ಗಮನ, ಸಮತೋಲನ ಹೇಗಿದೆ ಎಂದು ಅಳೆದಿಡುವುದು ಬೇಸ್‌ಲೈನ್. ಹತ್ತು ಪದ ಹೇಳುತ್ತೇನೆ, ನೆನಪಿಟ್ಟು ತಿರುಗಿ ಹೇಳಬೇಕು. ಅಂಕಿಗಳನ್ನು ತಿರುಗಿಸಿ ಕೊನೆಯಿಂದ ಮೊದಲಿಗೆ ಹೇಳಬೇಕು. ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ನಿಲ್ಲಬೇಕು. ಮುಂದೆ ಪಂದ್ಯದಲ್ಲಿ ತಲೆಗೆ ಏಟು ಬಿದ್ದರೆ ಅದೇ ಪರೀಕ್ಷೆ ಮತ್ತೆ. ಅಂಕ ಇಳಿದಿದ್ದರೆ ಮಿದುಳು ಅಲುಗಿದೆ ಎಂದು ಅನುಮಾನ, ಅವನು ಹೊರಗೆ. ಕನ್ಕಷನ್ ಎನ್ನುವ ಈ ಪೆಟ್ಟು ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅದು ವಾಸಿಯಾಗುವ ಮೊದಲೇ ಇನ್ನೊಂದು ಏಟು ಬಿದ್ದರೆ ಜೀವಕ್ಕೇ ಸಂಚಕಾರ ಬರಬಹುದು.

ಮಂಗಳವಾರ ಮೂವರನ್ನೂ ಕೂರಿಸಿದೆ. ಮೂವರೂ ಕೆಟ್ಟದಾಗಿ ಮಾಡಿದರು. ಹತ್ತರಲ್ಲಿ ನಾಲ್ಕು ಪದ ಹೇಳುವಷ್ಟರಲ್ಲಿ ಒಕೆಲೊ ಸೂರು ನೋಡಿದ. ಅಂಕಿ ತಿರುಗಿಸುವಾಗ ಮುತುವಾ ತಲೆ ಕೆರೆದುಕೊಂಡ. ಡೆರಿಲ್ ಒಂಟಿ ಕಾಲಿನಲ್ಲಿ ತೂರಾಡಿ ಗೋಡೆ ಹಿಡಿದ. ಬೆಳಿಗ್ಗೆಯ ಜಿಮ್ಮಿನ ಸುಸ್ತಿರಬೇಕು ಎಂದುಕೊಂಡು ಅಂಕ ಬರೆದಿಟ್ಟೆ.

ಬುಧವಾರ ಸಂಜೆ ಮೈದಾನದ ಅಂಚಿನಲ್ಲಿ ನಿಂತು ಲೈನ್‌ಔಟ್ ಅಭ್ಯಾಸ ನೋಡುತ್ತಿದ್ದೆ. ಚೆಂಡು ಗೆರೆಯಾಚೆ ಹೋದಾಗ ಎರಡೂ ತಂಡದವರು ಸಾಲಾಗಿ ನಿಲ್ಲುತ್ತಾರೆ, ಚೆಂಡನ್ನು ನಡುವೆ ಎಸೆಯುತ್ತಾರೆ. ಯಾರ ಕಡೆ ಎಸೆಯುತ್ತಾರೆಂಬುದನ್ನು ಗುಟ್ಟಿನ ಸಂಕೇತದಲ್ಲಿ ಕೂಗುತ್ತಾರೆ. ನಮ್ಮ ಸಂಕೇತ ಮಟಾಟು, ಅಂದರೆ ಇಲ್ಲಿಯ ಮಿನಿಬಸ್ಸುಗಳ, ರೂಟ್ ನಂಬರುಗಳು. ಒಕೆಲೊ ಒಂದೇ ಉಸಿರಿಗೆ ಆರು ರೂಟು ಕೂಗಿದ. ಮುತುವಾ ಅದರಲ್ಲಿ ಕೊನೆಯದರಿಂದ ಎರಡನೆಯದನ್ನು ಹಿಡಿದು ಸರಿಯಾದ ಜಾಗಕ್ಕೆ ನುಗ್ಗಿದ. ಮತ್ತೆ ಆರು, ಮತ್ತೆ ಸರಿ. ನಿನ್ನೆ ನಾಲ್ಕು ಅಂಕಿ ತಿರುಗಿಸಲಾರದವನು ಇವತ್ತು ಓಡುತ್ತಾ ಓಡುತ್ತಾ ಆರು ರೂಟು ತಿರುಗಿಸುತ್ತಿದ್ದ.

ಆಗ ಹೊಳೆಯಿತು. ಇವರು ಬೇಕೆಂದೇ ಫೇಲಾಗಿದ್ದಾರೆ. ಈಗಲೇ ಕಡಿಮೆ ಅಂಕ ಬರೆಸಿಟ್ಟರೆ, ಮುಂದೆ ತಲೆಗೆ ಏಟು ಬಿದ್ದು ಮಂಕಾದಾಗಲೂ ಅಷ್ಟೇ ಅಂಕ ಬರುತ್ತದೆ, ದಕ್ತಾರಿ ‘ಸವಾ’, ಎಲ್ಲ ಸರಿಯಿದೆ, ಎಂದು ಒಳಗೆ ಬಿಡುತ್ತಾಳೆ. ನಮ್ಮ ಜನ ಒಂದು ಅಂಕ ಜಾಸ್ತಿ ಬರಲಿ ಎಂದು ಮಕ್ಕಳನ್ನು ಟ್ಯೂಷನ್ನಿಗೆ ಅಟ್ಟುವುದನ್ನು ನೋಡಿ ಬೆಳೆದವಳು ನಾನು. ಅಂಕ ಕಡಿಮೆ ಬರಲಿ ಎಂದು ಇಷ್ಟು ಶ್ರಮಪಟ್ಟವರನ್ನು ಕಂಡದ್ದು ಅದೇ ಮೊದಲು.

ಅಭ್ಯಾಸ ಮುಗಿದ ಮೇಲೆ ಮೂವರನ್ನೂ ಕೋಣೆಗೆ ಕರೆದು ಚಹಾ ಕೊಟ್ಟೆ. “ರೂಟುಗಳೆಲ್ಲ ಚೆನ್ನಾಗಿ ನೆನಪಿದೆಯಲ್ಲ,” ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಒಕೆಲೊ ನಿಜಕ್ಕೂ ಹೆಗಲು ಉಜ್ಜಿಕೊಂಡ.

“ಪೋಲೆ, ದಕ್ತಾರಿ, ತಪ್ಪಾಯ್ತು. ಆದರೆ ಹೋದ ವರ್ಷ ಸೆಮಿಫೈನಲಿನಲ್ಲಿ ನೀವು ಮುತುವಾನನ್ನು ಹೊರಗೆ ಕೂರಿಸಿದಿರಿ. ಅವನು ಚೆನ್ನಾಗೇ ಇದ್ದ. ನಾವು ಸೋತೆವು.”

“ಚೆನ್ನಾಗಿದ್ದನಾ? ನಾವು ಯಾವ ತಂಡದ ಜೊತೆ ಆಡ್ತಿದೀವಿ ಅಂತ ನನ್ನನ್ನೇ ಕೇಳಿದ.”

“ಅದು ಜೋಕು,” ಎಂದ ಮುತುವಾ.

“ಮೂರು ಸಲ ಕೇಳಿದೆಯಪ್ಪ.”

ಮುತುವಾ ಚಹಾ ಕುಡಿದ. ಇದು ಯಾರ ಉಪಾಯ ಎಂದು ಕೇಳಿದೆ. ಇಬ್ಬರೂ ಡೆರಿಲ್ ಕಡೆ ನೋಡಿದರು. ಅವನು ನಕ್ಕು, “ಸಾರಿ, ಆಂಟಿ,” ಎಂದ. ಬೇಸ್‌ಲೈನ್ ಇಲ್ಲದೆ ಜೆರ್ಸಿ ಇಲ್ಲ, ಈಗಲೇ ಮತ್ತೆ ಮಾಡಿ ಎಂದೆ. ನನಗೆ ಸಿಟ್ಟು ಬಂದಿತ್ತು, ಮುಚ್ಚಿಡಲೂ ಇಲ್ಲ.

ಒಕೆಲೊ ಹತ್ತರಲ್ಲಿ ಒಂಬತ್ತು ಪದ ಹೇಳಿದ. ಮುತುವಾ ಹತ್ತಕ್ಕೆ ಹತ್ತು, ಒಂಟಿ ಕಾಲಿನಲ್ಲಿ ಕೊಕ್ಕರೆಯ ಹಾಗೆ ನಿಂತ. ಕೊನೆಗೆ ಡೆರಿಲ್. ಪದ ನಾಲ್ಕೇ. ಅಂಕಿ ಮೂರಕ್ಕೆ ನಿಂತಿತು. “ಸಾಕು ಮಾಡೋ ನಾಟಕ,” ಎಂದು ಒಕೆಲೊ ಅವನ ಬೆನ್ನಿಗೆ ಹೊಡೆದ. ಡೆರಿಲ್ ಮತ್ತೆ ಪ್ರಯತ್ನಿಸಿದ. ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು, ಕೈ ಮುಷ್ಟಿಯಾಗಿತ್ತು. ಕಣ್ಣು ಮುಚ್ಚಿ ನಿಂತ ಕೂಡಲೇ ಪಕ್ಕಕ್ಕೆ ವಾಲಿದ. ನಾನು ಹಿಡಿದುಕೊಂಡೆ. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ನಾಟಕ ಮಾಡುವವನು ಹೀಗೆ ಬೆವರುವುದಿಲ್ಲ.

ಉಳಿದಿಬ್ಬರನ್ನೂ ಹೊರಗೆ ಕಳಿಸಿ, “ಯಾವಾಗ ಬಿತ್ತು ಮಗಾ ಏಟು?” ಎಂದು ಕನ್ನಡದಲ್ಲೇ ಕೇಳಿದೆ.

“ಐ ಆಮ್ ಜಸ್ಟ್ ಟಯರ್ಡ್, ಆಂಟಿ.”

ನಾನು ಅವನ ಮುಂದೆ ಇನ್ನೊಂದು ಲೋಟ ಚಹಾ ಇಟ್ಟೆ. ಅದನ್ನು ಕುಡಿಯುತ್ತಾ ಅವನೇ ಹೇಳಿದ. ರಜೆಯಲ್ಲಿ ಗೆಳೆಯರ ಜೊತೆ ಸೆವೆನ್ಸ್, ಅಂದರೆ ಏಳೇಳು ಜನರ ರಗ್ಬಿ, ಆಡಲು ಹೋಗಿದ್ದಾಗ ಯಾರದೋ ಮೊಣಕಾಲು ಕಿವಿಯ ಮೇಲೆ ಬಡಿದಿತ್ತು. ಆವತ್ತಿನಿಂದ ತಲೆನೋವು. ಕ್ಲಾಸಿನ ಟ್ಯೂಬ್‌ಲೈಟು ಕಣ್ಣಿಗೆ ಚುಚ್ಚುತ್ತಿತ್ತು. ತನ್ನೊಬ್ಬನ ಅಂಕ ಕಡಿಮೆಯಾದರೆ ಸಿಕ್ಕಿಬೀಳುತ್ತೇನೆಂದು ತಿಳಿದು, ಸೆಮಿಫೈನಲಿನ ಕಥೆ ಕೆದಕಿ, ಇಬ್ಬರು ಆರೋಗ್ಯವಂತರನ್ನೂ ತನ್ನ ಜೊತೆ ಫೇಲು ಮಾಡಿಸಿದ್ದ. ಆ ಇಬ್ಬರಿಗೆ ಇದರ ಸುಳಿವೇ ಇರಲಿಲ್ಲ.

“ಪ್ಲೀಸ್, ಆಂಟಿ. ಓನ್ಲಿ ಸ್ಯಾಟರ್ಡೇ. ಜೆರ್ಸಿ ಒಂದು ಕೈಗೆ ಬರಲಿ,” ಎಂದ. ಅವನ ಬಾಯಲ್ಲಿ ಕನ್ನಡದ ಒಂದು ಪೂರ್ತಿ ವಾಕ್ಯ ನಾನು ಕೇಳಿದ್ದು ಆವತ್ತೇ ಮೊದಲು.

ಅಲ್ಲಿಂದ ಹೊರಟಾಗ ನನ್ನ ತೀರ್ಮಾನ ಆಗಿತ್ತು: ಶನಿವಾರ ಇವನಿಗೆ ಜೆರ್ಸಿ ಕೊಡಬಾರದು. ಜೆರ್ಸಿ ಕೈಗೆ ಬಂದರೆ ಮೊದಲ ಪಂದ್ಯಕ್ಕೆ ಇವನನ್ನು ತಡೆಯುವವರು ಯಾರೂ ಇರುವುದಿಲ್ಲ.

ಕಿಮಾನಿ ಒಪ್ಪಲಿಲ್ಲ. ಮುಂದಿನ ವಾರ ಹೋದ ವರ್ಷದ ಚಾಂಪಿಯನ್ನರ ಎದುರು ಪಂದ್ಯ, ನಮ್ಮ ತಂಡದಲ್ಲಿ ಡೆರಿಲ್‌ನ ಹಾಗೆ ಓಡುವ ಇನ್ನೊಬ್ಬ ಇರಲಿಲ್ಲ. “ಅಂದರೆ, ದಕ್ತಾರಿ, ಬೇಕಂತ ಫೇಲಾದ ಇಬ್ಬರು ಆಡಬಹುದು, ನಿಜವಾಗಿ ಫೇಲಾದವನು ಆಡಬಾರದು?”

“ಹೌದು.”

“ಶನಿವಾರ ಜೆರ್ಸಿ ಕೊಡೋಣ. ಆಡಿಸೋದು ಬಿಡೋದು ನನ್ನ ಜವಾಬ್ದಾರಿ.”

“ಎಂಬತ್ತು ನಿಮಿಷದ ಪಂದ್ಯದಲ್ಲಿ ಎಪ್ಪತ್ತನೇ ನಿಮಿಷಕ್ಕೆ ನೀವು ಸ್ಕೋರಿನಲ್ಲಿ ಹಿಂದೆ ಇರ್ತೀರಿ. ಜೆರ್ಸಿ ಹಾಕ್ಕೊಂಡು ಅವನು ನಿಮ್ಮ ಪಕ್ಕ ನಿಂತಿರ್ತಾನೆ. ಆಗ ನಿಮ್ಮ ಮೇಲೆ ನನಗೆ ನಂಬಿಕೆ ಇಲ್ಲ, ಕೋಚ್. ನಿಮಗೂ ಇರಲಿಕ್ಕಿಲ್ಲ.”

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಮಿದುಳಿನ ಡಾಕ್ಟರು, ನ್ಯೂರಾಲಜಿಸ್ಟ್, ನೋಡಿ ಸರಿ ಎಂದರೆ ತಾವು ನನ್ನ ಮಾತು ಕೇಳುವುದಿಲ್ಲ ಎಂದರು. ಅವರು ಸರಿ ಎಂದರೆ ನಾನೇ ಜೆರ್ಸಿ ಇಸ್ತ್ರಿ ಮಾಡಿ ಕೊಡುತ್ತೇನೆ ಎಂದೆ.

ಲವೀನಾಳ ಮನೆಗೆ ಹೋದಾಗ ಅವಳು ಶನಿವಾರಕ್ಕೆ ಸಮೋಸದ ಹಾಳೆ ಲಟ್ಟಿಸುತ್ತಿದ್ದಳು. ಇಡೀ ತಂಡಕ್ಕಂತೆ. ವಿಷಯ ಕೇಳಿ ಲಟ್ಟಣಿಗೆ ಕೆಳಗಿಟ್ಟಳು.

“ಸುಮಿತ್ರಕ್ಕ, ಎರಡು ವರ್ಷದಿಂದ ಈ ಮನೇಲಿ ಜಪಮಾಲೆಗಿಂತ ಜಾಸ್ತಿ ಏಳನೇ ನಂಬರಿನ ಜಪ ಆಗಿದೆ. ನೀವು ನಮ್ಮವರಾಗಿ ಸ್ವಲ್ಪ ಮೆತ್ತಗೆ ಹೇಳಬಹುದಿತ್ತು.”

“ಮೆತ್ತಗೆ ಹೇಳಿದ್ರೆ ಮೆತ್ತಗೆ ಕೇಳ್ತಾನಾ ನಿನ್ನ ಮಗ?”

ಅವಳು ಲಟ್ಟಿಸಿದ ಹಾಳೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಆಮೇಲೆ, “ಕಾಲೇಜಿಂದ ಬಂದವನು ಪರದೆ ಎಳೆದು ಮಲಗ್ತಿದ್ದ. ಸೋಮಾರಿ, ಫೋನಿನ ಹುಳ ಅಂತ ದಿನಾ ಬೈದೆ. ಫೋನ್ ಮುಟ್ತಾನೇ ಇರಲಿಲ್ಲ ಅಂತ ಈಗ ನೆನಪಾಗ್ತಿದೆ,” ಎಂದಳು. ಹಿಟ್ಟಿನ ಕೈಯಲ್ಲೇ ಫೋನ್ ತೆಗೆದು ಆಸ್ಪತ್ರೆಗೆ ಅಪಾಯಿಂಟ್‌ಮೆಂಟ್ ಕೇಳಿದಳು. ನ್ಯೂರಾಲಜಿಸ್ಟ್ ಶುಕ್ರವಾರ ನೋಡಿದರು. ಸ್ಕ್ಯಾನ್ ಸರಿಯಿದೆ, ಆದರೆ ಮಿದುಳು ಇನ್ನೂ ಚೇತರಿಸಿಕೊಂಡಿಲ್ಲ, ಮೈದಾನದ ಹತ್ತಿರ ಸುಳಿಯಬೇಡ ಎಂದರು. ಡೆರಿಲ್ ಅವರ ಮುಂದೆಯೂ ವಾದಿಸಿದನಂತೆ.

ಶನಿವಾರ ಜಕರಾಂಡ ಮರದ ಕೆಳಗೆ ಕುರ್ಚಿಗಳು. ಏಳನೇ ನಂಬರಿನ ಸರದಿ ಬಂದಾಗ ಜೆರ್ಸಿಯನ್ನು ಖಾಲಿ ಕುರ್ಚಿಯ ಮೇಲಿಡೋಣ, ಡೆರಿಲ್ ವಾಸಿಯಾಗುವ ತನಕ ಅಲ್ಲೇ ಇರಲಿ ಎಂದು ಕಿಮಾನಿ ಹಿಂದಿನ ಸಂಜೆ ತಂಡಕ್ಕೆ ಹೇಳಿದ್ದರು. ಅವರು ಬಾಯಿ ತೆರೆಯುವ ಮೊದಲೇ ಡೆರಿಲ್ ಎದ್ದ. ಅಮ್ಮನ ಮುಖ ನೋಡಲಿಲ್ಲ, ನನ್ನ ಮುಖವನ್ನಂತೂ ನೋಡಲೇ ಇಲ್ಲ. ಹಳೆಯ ಏಳನೇ ನಂಬರಿನವನ ಮುಂದೆ ಹೋಗಿ ಎರಡೂ ಕೈ ಚಾಚಿದ. ಅವನು ಗಲಿಬಿಲಿಯಾಗಿ ಕೊಟ್ಟೂಬಿಟ್ಟ. ಪದ್ಧತಿಯ ಪ್ರಕಾರ ಜೆರ್ಸಿ ಈಗ ಡೆರಿಲ್‌ನದು, ಯಾರೂ ಕಿತ್ತುಕೊಳ್ಳುವಂತಿಲ್ಲ. ಕಿಮಾನಿ ನನ್ನ ಕಡೆ ನೋಡಿದರು. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಬೇಕಾದರೆ ಮೈದಾನದ ನಡುವೆ ಹೋಗಿ ನಿಲ್ಲುವವಳೇ.

ಡೆರಿಲ್ ಜೆರ್ಸಿಯನ್ನು ಒಮ್ಮೆ ಬಿಡಿಸಿ ಎದೆಗೆ ಹಿಡಿದು ಅಳತೆ ನೋಡಿದ. ಆಮೇಲೆ ಮಡಚಿ, ನಾಲ್ಕು ಹೆಜ್ಜೆ ನಡೆದು, ಮುತುವಾನ ಕೈಯಲ್ಲಿಟ್ಟ.

“ಖಾಲಿ ಕುರ್ಚಿ ಯಾರನ್ನೂ ಟ್ಯಾಕಲ್ ಮಾಡಲ್ಲ,” ಎಂದ.

ಮುತುವಾ ತನ್ನ ಆರನೇ ನಂಬರನ್ನು ಸೆಕೆಂಡ್ ಟೀಮಿನ ಹುಡುಗನೊಬ್ಬನಿಗೆ ದಾಟಿಸಿ, ಏಳನ್ನು ಅಲ್ಲೇ ತಲೆಯ ಮೇಲಿಂದ ಎಳೆದುಕೊಂಡ. ಅದು ಅವನಿಗೆ ಬಿಗಿಯಾಗಿತ್ತು. “ಒಗೆದು ವಾಪಸ್ ಕೊಡ್ತೀನಿ,” ಎಂದ. ಲವೀನಾ ಸಮೋಸದ ಡಬ್ಬಿ ತೆರೆದಳು. ಅವಳ ಕಣ್ಣು ಒದ್ದೆಯಾಗಿತ್ತು, ಮಾತು ಮಾತ್ರ ಖಡಕ್ಕು: “ಎರಡೆರಡೇ ತಗೊಳ್ಳಿ. ಕ್ಯಾಪ್ಟನ್‌ಗೂ ಎರಡೇ.”

ಮೊದಲ ಪಂದ್ಯ ಸೋತೆವು. ಕಿಮಾನಿ ಎರಡು ದಿನ ನನಗೆ ನಮಸ್ಕಾರ ಹೇಳಲಿಲ್ಲ, ಮೂರನೇ ದಿನ ತಾವೇ ಚಹಾ ತಂದರು. ಡೆರಿಲ್ ಕತ್ತಲ ಕೋಣೆಯಿಂದ ನಡಿಗೆಗೆ, ನಡಿಗೆಯಿಂದ ಓಟಕ್ಕೆ, ಓಟದಿಂದ ಡಿಕ್ಕಿಗೆ ಬರುವಷ್ಟರಲ್ಲಿ ಹೊಸ ವರ್ಷ ಬಂದಿತ್ತು. ನ್ಯೂರಾಲಜಿಸ್ಟ್ ಒಪ್ಪಿಗೆ ಕೊಟ್ಟ ದಿನ ನಾನು ಮತ್ತೆ ಹತ್ತು ಪದ ಹೇಳಿದೆ. ಹತ್ತನ್ನೂ ಹೇಳಿದ, ಕೇಳದಿದ್ದರೂ ಹಿಂದಿನಿಂದಲೂ ಹೇಳಿದ. ಮುತುವಾ ಜೆರ್ಸಿ ವಾಪಸ್ ಕೊಟ್ಟ. ಒಗೆದಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಮೂವರು ಒಂದೇ ಥರ ತಪ್ಪು ಉತ್ತರ ಕೊಟ್ಟರೆ ಮೂವರೂ ಸುಳ್ಳುಗಾರರೆಂದು ಸಿಟ್ಟಾಗುವುದು ಸುಲಭ. ಆದರೆ ಸುಳ್ಳುಗಾರರ ಸಾಲಿನಲ್ಲಿ ನಿಜವಾಗಿ ಏಟು ತಿಂದವನೊಬ್ಬ ಅಡಗಿ ನಿಂತಿರಬಹುದು. ಅವನನ್ನು ಹುಡುಕುವ ತನಕ ಎದ್ದು ಹೋಗಬಾರದು, ಹುಡುಕಿದ ಮೇಲೆ ಬಿಟ್ಟುಕೊಡಬಾರದು. ಮಾರನೇ ವರ್ಷದ ಬೇಸ್‌ಲೈನಿನ ದಿನ ನನ್ನ ಕೋಣೆಯ ಹೊರಗೆ ಹೊಸಬರ ಸಾಲಿತ್ತು. ಬಾಗಿಲಲ್ಲಿ ಡೆರಿಲ್ ಕೈಕಟ್ಟಿ ನಿಂತಿದ್ದ. ಒಳಗಿನಿಂದ ನನಗೆ ಕೇಳಿಸುತ್ತಿತ್ತು: “ಬೇಕಂತ ಫೇಲಾಗೋ ಪ್ಲಾನ್ ಇದ್ರೆ ನನ್ನ ಹತ್ರ ಬೇಡ. ಅದು ನನ್ನದೇ ಪ್ಲಾನು.”