ಮುರಿಯಲ್ ಕಟ್ಟಿದ ಕೆಂಪು ಎಳೆ

ಮುರಿಯಲ್ ಹೇಗ್ ವಿಷಯ ಕೇಳಿದರೆ ನಮ್ಮ ಹಳೇ ಬೈಕ್ ಕ್ಲಬ್ಬಿನವರೆಲ್ಲ ಬಾಯ್ತುಂಬ ಹೊಗಳುತ್ತಾರೆ. ಈಗ ಹೊಗಳುತ್ತಾರೆ. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಇದೇ ಗಂಡಸರು ಅವಳಿಗೆ ಹ್ಯಾಂಡಲ್ ಹಿಡಿಯಲು ಬರುವುದಿಲ್ಲ ಎಂದಿದ್ದರು. ಹಾಗೆಂದವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಕಥೆ ಹೇಳಬೇಕಾದವನೂ ನಾನೇ.

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಮೇಲಿನ ಕಣಿವೆಯಲ್ಲಿ ನಾವಿಬ್ಬರೂ ಒಂದೇ ಉಣ್ಣೆ ಮಿಲ್ಲಿನಲ್ಲಿದ್ದೆವು. ನನ್ನದು ಮಗ್ಗ ರಿಪೇರಿ. ಅವಳದು ನೇಯ್ದು ಬಂದ ಬಟ್ಟೆಯ ಥಾನನ್ನು ಓರೆ ಮೇಜಿನ ಮೇಲೆ ಹಾಸಿ, ಬೆರಳ ತುದಿಯಲ್ಲಿ ಸವರುತ್ತಾ ತಪ್ಪಿಹೋದ ಎಳೆ ಹುಡುಕಿ, ಸೂಜಿಯಿಂದ ಹೊಸ ಎಳೆ ಕೂಡಿಸುವ ಕೆಲಸ. ಕಪ್ಪು ಬಟ್ಟೆಯಲ್ಲಿ ತಪ್ಪಿದ ಕಪ್ಪು ಎಳೆ ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ಮಿಲ್ಲಿನಲ್ಲಿ ಕಪ್ಪು ಥಾನು ಬಂದರೆ ಅದು ನೇರ ಮುರಿಯಲ್ ಮೇಜಿಗೇ ಹೋಗುತ್ತಿತ್ತು. ಅವಳಿಗೂ ಅದರ ಜಂಬ ಇತ್ತು, ಇರಲೇಬೇಕು.

ಅವಳ ಗಾಡಿ ನಲವತ್ತೊಂಬತ್ತರ ಮಾಡೆಲ್ಲಿನದು. ಓವರ್‌ಟೈಮ್ ದುಡ್ಡಲ್ಲಿ ತಾನೇ ಕೊಂಡದ್ದು, ಇಪ್ಪತ್ತು ವರ್ಷಕ್ಕೂ ಮೇಲೆ ಓಡಿಸಿದ್ದು. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಸ್ಪ್ರಿಂಗ್ ಸೋತು, ಹಳ್ಳಕ್ಕೆ ಬಿದ್ದಾಗಲೆಲ್ಲ ತಳ ಮುಟ್ಟಿ ಠಣ್ಣೆನ್ನುತ್ತಿತ್ತು. ಆ ಚಳಿಗಾಲದ ಮೊದಲಲ್ಲೇ ಅದನ್ನು ಕ್ಲಿಫರ್ಡ್ ಬೋಮಾಂಟ್ ಕೈಗೆ ಕೊಟ್ಟಳು. ಕ್ಲಬ್ಬಿನಲ್ಲಿ ಫೋರ್ಕ್ ಅಂದರೆ ಕ್ಲಿಫರ್ಡ್, ಅವನ ಮಾತಿಗೆ ಎದುರಿಲ್ಲ. ಅವನು ಗಟ್ಟಿ ಸ್ಪ್ರಿಂಗ್ ಹಾಕಿ, ಮಂದ ಆಯಿಲ್ ತುಂಬಿ, ತಾನೇ ಒಂದು ಸುತ್ತು ಹೊಡೆದು ಬಂದು, ಬೆಣ್ಣೆ ಹಾಗಿದೆ ಎಂದ.

ಆ ಬೆಣ್ಣೆ ಮುರಿಯಲ್‌ಗೆ ದಕ್ಕಲಿಲ್ಲ. ನಮ್ಮ ಕಡೆ ಮಿಲ್ಲಿನ ಬೀದಿಗಳೆಲ್ಲ ಉಬ್ಬುತಗ್ಗಿನ ಹಾಸುಗಲ್ಲಿನವು. ಭಾನುವಾರ ಆ ಕಲ್ಲಿನ ಮೇಲೆ ಓಡಿಸಿದರೆ ಸೋಮವಾರ ಮಧ್ಯಾಹ್ನದವರೆಗೆ ಅವಳ ಬೆರಳು ಜೋಮು. ಕ್ಲಿಫರ್ಡ್‌ಗೆ ಹೇಳಿದಳು. ಅವನು ಇನ್ನೂ ಮಂದ ಆಯಿಲ್ ಹಾಕಿದ, ಜೋಮು ಮಂಗಳವಾರಕ್ಕೂ ಮುಂದುವರಿಯಿತು. ಮಾರ್ಚಿನಲ್ಲಿ ಅವಳು ನೋಡಿ ಬಿಟ್ಟ ಕಪ್ಪು ಥಾನೊಂದು ಎರಡು ತಪ್ಪಿನೊಂದಿಗೆ ದರ್ಜಿಗಳಿಂದ ವಾಪಸು ಬಂತು. ಹಾಗೆ ಹಿಂದೆಂದೂ ಆಗಿರಲಿಲ್ಲ. ಇನ್ನೊಂದು ಬಂದರೆ ಮೇಜು ಬಿಡಬೇಕಾಗುತ್ತದೆ, ಮೋಟರ್‌ಸೈಕಲ್ಲೋ ಕೆಲಸವೋ ನೀನೇ ಯೋಚಿಸು ಎಂದು ಮೇಲ್ವಿಚಾರಕಿ ಕರೆದು ಹೇಳಿದಳು.

ನಾವು ಕೊಟ್ಟ ಸಲಹೆ ಕೇಳಿ. ಹ್ಯಾಂಡಲ್ ಸಡಿಲ ಹಿಡಿ ಅಂದ ಒಬ್ಬ. ಐವತ್ತಾಗುತ್ತಾ ಬಂತು, ಬಸ್ಸು ಹತ್ತು ಅಂದ ಇನ್ನೊಬ್ಬ. ಕೈಗವಸಿಗೆ ಹತ್ತಿ ತುಂಬು ಅಂದದ್ದು ನಾನು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅವಳು ಯಾರಿಗೂ ಸೊಪ್ಪು ಹಾಕಲಿಲ್ಲ. ಮುಂದಿನ ಭಾನುವಾರ ಮಿಲ್ಲಿನ ತನ್ನ ಮೇಜಿನಿಂದ ಕೆಂಪು ಉಣ್ಣೆ ಎಳೆಯೊಂದನ್ನು ತಂದು, ಫೋರ್ಕಿನ ಹೊಳೆಯುವ ಕೊಳವೆಗೆ, ಅದು ಕೆಳಗಿನ ದಪ್ಪ ಕೊಳವೆಯೊಳಕ್ಕೆ ಇಳಿಯುವ ಕಡೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಫೋರ್ಕ್ ಎಷ್ಟು ಕುಗ್ಗುತ್ತದೋ ಎಳೆ ಅಷ್ಟು ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ಮೊದಲು ಕ್ಲಿಫರ್ಡ್‌ನನ್ನು ಹತ್ತಿಸಿ ಹಾಸುಗಲ್ಲಿನ ಇಳಿಜಾರು ಚರ್ಚ್ ಬೀದಿ ಇಳಿಸಿದಳು, ಎಳೆ ನಾಲ್ಕು ಬೆರಳು ಸರಿದಿತ್ತು. ಅದನ್ನು ಮತ್ತೆ ಕೆಳಕ್ಕೆ ತಳ್ಳಿ ತಾನು ಅದೇ ಬೀದಿ ಇಳಿದು ಬಂದಳು. ಒಂದು ಬೆರಳೂ ಸರಿದಿರಲಿಲ್ಲ.

"ಕ್ಲಿಫರ್ಡ್, ನೀನು ಎಷ್ಟು ತೂಕ?"

ಅವನು ಕ್ವಿಂಟಲ್ ಆಳು. ಅವಳು ಅದರರ್ಧ.

"ಇದು ನಿನ್ನ ಗಾಡಿ ಕಣಪ್ಪ," ಅಂದಳು. "ಐದು ತಿಂಗಳಿಂದ ನಾನು ನಿನ್ನ ಗಾಡಿ ಓಡಿಸ್ತಾ ಇದೀನಿ. ಒಂದ್ಸಲನಾದ್ರೂ 'ಮುರಿಯಲ್, ನೀನು ಕೂತ್ಕೊ, ನೋಡೋಣ' ಅಂದ್ಯಾ?"

ಕ್ಲಿಫರ್ಡ್ ಮುಖ ಇಂಗು ತಿಂದ ಮಂಗನಂತಾಯಿತು. ಗಾಡಿ ಗಟ್ಟಿ ಇರಬೇಕು, ಹೆಂಗಸರಿಗೆ ಅದು ಅರ್ಥವಾಗುವುದಿಲ್ಲ ಎಂದು ಗೊಣಗುತ್ತಾ ಹೊರಟುಹೋದ.

ನನಗೆ ಆವತ್ತೇ ನಾಚಿಕೆಯಾಯಿತು. ಸೋಮವಾರ ಅವಳ ಮೇಜಿನ ಹತ್ತಿರ ಹೋಗಿ, ಏನು ಬೇಕು ಹೇಳು, ಲೋಹ ಕಡೆಯುವ ಲೇತ್ ನನ್ನ ಕೈಯಲ್ಲಿದೆ ಎಂದೆ. ಅವಳು ಆಗಲೇ ಎಲ್ಲ ಯೋಚಿಸಿದ್ದಳು. ತನ್ನ ತೂಕಕ್ಕೆ ತಕ್ಕ ಮೆತ್ತನೆ ಸ್ಪ್ರಿಂಗ್, ತೆಳು ಆಯಿಲ್. ಆದರೆ ಮೆತ್ತನೆ ಸ್ಪ್ರಿಂಗ್ ಕುಗ್ಗಿದಷ್ಟೇ ಜೋರಾಗಿ ಚಿಮ್ಮುತ್ತದೆ, ಆ ಚಿಮ್ಮುವುದನ್ನು ಹಿಡಿಯಬೇಕು. ಅದಕ್ಕೆ ಒಳಗೊಂದು ಹಿತ್ತಾಳೆ ವಾಷರ್ ಮಾಡಿದೆ. ಫೋರ್ಕ್ ಕುಗ್ಗುವಾಗ ಅದು ಸರಿದು ಆಯಿಲ್‌ಗೆ ದಾರಿ ಬಿಡುತ್ತದೆ. ಹಿಂದಿರುಗುವಾಗ ಕೂತು ದಾರಿ ಮುಚ್ಚುತ್ತದೆ, ಎರಡು ಸಣ್ಣ ತೂತಿನಿಂದ ಮಾತ್ರ ಆಯಿಲ್ ನುಸುಳಬೇಕು.

ಮೊದಲ ವಾಷರಿನ ತೂತು ತೀರಾ ಸಣ್ಣದಾಯಿತು. ಒಂದು ಕಲ್ಲಿಗೆ ಕುಗ್ಗಿದ ಫೋರ್ಕ್ ಮೇಲೇಳುವಷ್ಟರಲ್ಲಿ ಮುಂದಿನ ಕಲ್ಲು ಬಂದು, ಬೀದಿ ಮುಗಿಯುವ ಹೊತ್ತಿಗೆ ಗಾಡಿ ತಲೆ ತಗ್ಗಿಸಿಬಿಟ್ಟಿತ್ತು. ಎರಡನೆಯದರ ತೂತು ದೊಡ್ಡದಾಗಿ ಗಾಡಿ ಕುಣಿಯಿತು. ಮೂರನೆಯದು ಹಾಕಿ ಚರ್ಚ್ ಬೀದಿ ಇಳಿದು ಬಂದವಳು ಎಂಜಿನ್ ಆರಿಸಿ ಬಗ್ಗಿ ನೋಡಿದಳು. ಎಳೆ ಮೂರೂವರೆ ಬೆರಳು ಸರಿದಿತ್ತು. ಇದೇ, ಇನ್ನು ಮುಟ್ಟಬೇಡ ಎಂದಳು.

ಆದರೆ ಚರ್ಚ್ ಬೀದಿ ಇಳಿಯುವುದು ಎರಡು ನಿಮಿಷದ ಕೆಲಸ. ಮೇ ಕೊನೆಯಲ್ಲಿ ಕ್ಲಬ್ಬಿನ ದೊಡ್ಡ ಸವಾರಿ, ಬೋಳು ಗುಡ್ಡ ದಾಟಿ ಹೋಗಿಬರಲು ಎಂಬತ್ತು ಮೈಲಿ. ಜೋಮು ಬಂದರೆ ಗಾಡಿ ಮಾರಿಬಿಡುತ್ತೇನೆ ಎಂದು ನನ್ನೊಬ್ಬನಿಗೆ ಹೇಳಿದ್ದಳು.

ನಲವತ್ತು ಮೈಲಿಯಾಚೆ, ಹೋಟೆಲಿನ ಅಂಗಳದಲ್ಲಿ ನಾವೆಲ್ಲ ಹಿಟ್ಟಿನೊಳಗೆ ಹಂದಿಮಾಂಸ ತುಂಬಿ ಸುಟ್ಟ ಪೈ, ಬಟಾಣಿಯ ತಟ್ಟೆ ಹಿಡಿದು ನಿಂತಿದ್ದಾಗ ಅವಳು ಬಂದಿಳಿದಳು. ಕ್ಲಿಫರ್ಡ್ ಎಲ್ಲರಿಗೂ ಕೇಳುವ ಹಾಗೆ, ಕೈ ಇದೆಯಾ ಉದುರಿಹೋಯ್ತಾ ಎಂದ.

ಅವಳು ಕೈಗವಸು ಕಿತ್ತು, ನೇರ ಅವನ ಹತ್ತಿರ ಬಂದು, ಅವನ ಉಣ್ಣೆ ಕೋಟಿನ ತೋಳಿಗೆ ಬೆರಳಿಟ್ಟು ಕಣ್ಣು ಮುಚ್ಚಿಕೊಂಡಳು. ಅವನು ತನ್ನ ಮಗಳ ಮದುವೆಗೆ ಹೊಲಿಸಿದ್ದ ಕೋಟು ಅದು. ಮಣಿಕಟ್ಟಿನಿಂದ ನಿಧಾನವಾಗಿ ಮೇಲೆ ಸವರುತ್ತಾ ಮೊಣಕೈ ದಾಟಿ ನಿಂತಳು.

"ಇಲ್ಲೊಂದು ಎಳೆ ಇಲ್ಲ. ನೇಯುವಾಗ್ಲೇ ತಪ್ಪಿದೆ."

ನಾನು ಕನ್ನಡಕ ಹಾಕಿಕೊಂಡು ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದೆ. ನಿಜವಾಗಿಯೂ ಎಳೆ ಇರಲಿಲ್ಲ. ಕೂದಲಿನಷ್ಟು ಸಪುರ, ಒಂದಂಗುಲ ಉದ್ದದ ಜಾಗ ಖಾಲಿ. ಹೌದು ಎಂದು ತಲೆಯಾಡಿಸಿದೆ.

ಕ್ಲಿಫರ್ಡ್ ತನ್ನ ತೋಳು ನೋಡಿಕೊಂಡ. ಆಮೇಲೆ ತಟ್ಟೆ ಕೆಳಗಿಟ್ಟು, ಗುಂಡಿ ಬಿಚ್ಚಿ, ಕೋಟನ್ನು ಮಡಚಿ ಅವಳ ಕೈಗೆ ಕೊಟ್ಟ.

"ಎಳೆ ಕೂಡಿಸಿ ಶುಕ್ರವಾರ ಕೊಡ್ತೀನಿ," ಅಂದಳು ಮುರಿಯಲ್.

ಗುಡ್ಡದ ಮೇಲೆ ಆವತ್ತು ಒಳ್ಳೆ ಚಳಿಗಾಳಿ. ವಾಪಸು ನಲವತ್ತು ಮೈಲಿಯನ್ನೂ ಅವನು ಬರೀ ಅಂಗಿಯಲ್ಲಿ, ಅವಳ ಗಾಡಿಯ ಹಿಂದೆ ಹಿಂದೆಯೇ ಬಂದ.