ಮಾವನ ಕೋಶಗಳು ಹಸಿರಾದ ದಿನ

ಬಂಟ್ವಾಳ ಪೇಟೆಯಲ್ಲಿ ಮೂವತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿದ ನನ್ನ ಸೋದರಮಾವನ ಕೈ ಮೊದಲು ತಪ್ಪಿದ್ದು ಒಂದು ಕಾಲರಿನಲ್ಲಿ. ಆಮೇಲೆ ನಡಿಗೆಯೂ ತೂರಾಡತೊಡಗಿತು. ಹಗಲಲ್ಲೇ ಕುಡಿಯುತ್ತಾರೆ ಎಂದು ಕೆಲವರು ಆಡಿಕೊಂಡರು. ಎಂದೂ ಕುಡಿಯದ ಮಾವ ಅದನ್ನು ಕೇಳಿಯೂ ಕೇಳದವರಂತಿದ್ದರು. ಕೊನೆಗೆ ಮಂಗಳೂರಿನ ವೈದ್ಯರೊಬ್ಬರು, ಇದು ವಂಶವಾಹಿಯ ದೋಷ, ಮೆದುಳಿನಲ್ಲಿ ಸಮತೋಲನ ನೋಡಿಕೊಳ್ಳುವ ಭಾಗ ನಿಧಾನವಾಗಿ ಸವೆಯುತ್ತದೆ, ಮದ್ದಿಲ್ಲ ಎಂದರು. ಅದು ಅಜ್ಜನಿಂದ ಬಂದದ್ದು. ನನ್ನ ಅಮ್ಮನಿಗೆ ಬಂದಿರಲಿಲ್ಲ; ಹಾಗಾಗಿ ನಾನೂ ಪಾರಾದೆ. ಆ ಸಮಾಧಾನ ಮುಖದಲ್ಲಿ ಕಾಣದಿರಲಿ ಎಂದು ಮಾವನ ಎದುರು ತಲೆ ತಗ್ಗಿಸಿಯೇ ಕೂರುತ್ತಿದ್ದೆ.

ನಾನಾಗ ಮಿಜಾರಿನ ಬಳಿಯ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ರೋಗ ಹರಡದಂತೆ ಮಾಡಿದ ವೈರಸ್ಸಿನೊಳಗೆ ಒಂದು ಸಣ್ಣ ಸಂದೇಶ ಇಟ್ಟು ಮನುಷ್ಯರ ಜೀವಕೋಶಕ್ಕೆ ಕಳಿಸುತ್ತಿದ್ದೆವು. ಅದು ಒಳಹೊಕ್ಕು ನಾವು ಹೇಳಿದ ವಂಶವಾಹಿಯ ಬಾಯಿ ಮುಚ್ಚಿಸುತ್ತಿತ್ತು. ಮಾವನಲ್ಲಿದ್ದ ದೋಷ ಚರ್ಮದ ಕೋಶಗಳಲ್ಲೂ ಇರುತ್ತದೆ. ಇದನ್ನು ಕೇಳಿದ ಮಾವ ತಾವಾಗಿಯೇ ತಮ್ಮ ಚರ್ಮದ ಚೂರು ಕೊಡುತ್ತೇನೆ ಎಂದರು. ನನ್ನ ಮಾರ್ಗದರ್ಶಕಿ ನೈತಿಕತಾ ಸಮಿತಿಯ ಒಪ್ಪಿಗೆ ಪಡೆದು, ಸ್ವಂತ ಮಾವನ ವಿಷಯವಾದ್ದರಿಂದ ಫಲಿತಾಂಶದ ಲೆಕ್ಕ ಹಾಕುವ ಕೆಲಸ ನನಗೆ ಬೇಡ, ಬೇರೆಯವರು ಮಾಡಲಿ ಎಂದು ಮೊದಲೇ ಹೇಳಿಬಿಟ್ಟರು. ಒಪ್ಪಿಗೆಪತ್ರದಲ್ಲಿ ಮಾವನ ಸಹಿ ಗೆರೆ ದಾಟಿ ಕಾಗದದ ಅಂಚಿಗೆ ಹೋಯಿತು. ಅವರು ಕ್ಷಮೆ ಕೇಳಿದರು.

ಕೋಶಗಳು ಬೆಳೆಯಲು ವಾರಗಳೇ ಬೇಕಾದವು. ವೈರಸ್ ಒಳಹೊಕ್ಕ ಕೋಶ ಹಸಿರಾಗಿ ಹೊಳೆಯುವಂತೆ ಗುರುತು ಇಟ್ಟಿದ್ದೆವು. ವೈರಸ್ ಹಾಕಿದ ಮೂರನೆಯ ದಿನ ಕೋಶಗಳ ತಟ್ಟೆಯ ತುಂಬ ಹಸಿರು. ನೋಡಲು ಮಾವ ಅತ್ತೆಯ ತೋಳು ಹಿಡಿದು ಬಂದರು. ವೈರಸ್ ಕೋಣೆಗೆ ಹೊರಗಿನವರು ಬರುವಂತಿಲ್ಲ. ಹೊರಗಿನ ಪರದೆಯಲ್ಲಿ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಇದರಿಂದ ನನ್ನ ಕೈ ಸರಿ ಆಗ್ತದಾ?"

"ಇಲ್ಲ ಮಾವ. ಇದು ತಟ್ಟೆಯೊಳಗೆ ಮಾತ್ರ. ಮನುಷ್ಯರಿಗೆ ಕೊಡ್ಲಿಕ್ಕೆ ಇನ್ನೂ ತುಂಬ ದೂರ ಉಂಟು."

"ಗೊತ್ತುಂಟು," ಎಂದರು. "ಆದ್ರೂ ಒಮ್ಮೆ ಕೇಳದೆ ಇರ್ಲಿಕ್ಕೆ ಆಗ್ಲಿಲ್ಲ."

ಅತ್ತೆ ಕಿಟಕಿಯ ಕಡೆ ತಿರುಗಿದರು.

ಲೆಕ್ಕ ಬಂದಾಗ, ದೋಷದ ವಂಶವಾಹಿ ತಯಾರಿಸುವ ಕೆಟ್ಟ ಪ್ರೋಟೀನು ನಿಜಕ್ಕೂ ಕಡಿಮೆಯಾಗಿತ್ತು. ಆದರೆ ಅದೇ ವಂಶವಾಹಿಯ, ಅಜ್ಜಿಯಿಂದ ಬಂದ ಒಳ್ಳೆಯ ಪ್ರತಿಯೂ ಜೊತೆಯಲ್ಲೇ ಮೌನವಾಗಿತ್ತು, ಕೋಶಗಳು ಬಾಡತೊಡಗಿದವು. ಇದೂ ಒಂದು ಫಲಿತಾಂಶವೇ ಎಂದರು ಮಾರ್ಗದರ್ಶಕಿ. ನನಗೆ ಅಳು ಬಂತು. ಭಾನುವಾರ ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋದೆ; ಫೋನಿನಲ್ಲಿ ಹೇಳುವ ವಿಷಯವಾಗಿರಲಿಲ್ಲ. ಆಗ ಅಂಗಡಿಯಲ್ಲಿ ಮಿಷನ್ ತುಳಿಯುತ್ತಿದ್ದವರು ಅತ್ತೆ. ಮಾವ ಪಕ್ಕದಲ್ಲಿ ಕೂತು ಅಳತೆ ಹೇಳುತ್ತಿದ್ದರು.

ನಾನು ಹೇಳಿದ್ದನ್ನು ಕೇಳಿ ಮಾವ ಕೈಯಲ್ಲಿದ್ದ ಟೇಪು ಬದಿಗಿಟ್ಟರು.

"ಕೆಟ್ಟ ಹೊಲಿಗೆ ಬಿಚ್ಚುವಾಗ ಬಟ್ಟೆಯೂ ಹರಿಯಿತು, ಅಲ್ವಾ?"

ಹೌದೆಂದೆ. ಕೆಟ್ಟ ಪ್ರತಿಯನ್ನು ಮಾತ್ರ ಹುಡುಕುವ ಹೊಸ ಸಂದೇಶ ಬರೆಯುತ್ತಿದ್ದೇವೆ, ಆದರೆ ಉಳಿದ ಕೋಶಗಳಿಗೆ ವಯಸ್ಸಾಗಿದೆ, ಅವು ಇನ್ನು ಬೆಳೆಯುವುದಿಲ್ಲ ಎಂದೆ. ಇನ್ನೊಮ್ಮೆ ಚರ್ಮ ಕೊಡಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಮಾವ ಅಂಗಿಯ ಎಡತೋಳನ್ನು ಮೇಲೇರಿಸಲು ನೋಡಿದರು. ಬೆರಳು ಜಾರಿತು. ಅತ್ತೆ ಮಿಷನ್ ನಿಲ್ಲಿಸಿ ಬಂದು ತೋಳು ಮಡಚಿಕೊಟ್ಟರು.

"ಕಳೆದ ಸಲ ಬಲಗೈ ಕೊಟ್ಟಿದ್ದೆ," ಎಂದರು ಮಾವ. "ಡಾಕ್ಟ್ರ ಹತ್ರ ಯಾವಾಗ ಹೋಗುವ?"

ಮುಂದಿನ ವಾರವೇ ಹೋದೆವು. ಆ ಎರಡನೆಯ ಚೂರಿನಿಂದ ಬೆಳೆದ ಕೋಶಗಳ ಕೆಲಸ ಈಗಲೂ ನಡೆಯುತ್ತಿದೆ.