ಕನ್ನಡಕ ತೆಗೆದು ಕೇಳುತ್ತಿದ್ದವರು

ಯಾರಾದರೂ ಮಾತಾಡಲು ಶುರು ಮಾಡಿದರೆ ನಮ್ಮ ಸರ್ ಕನ್ನಡಕ ತೆಗೆದುಬಿಡುತ್ತಿದ್ದರು. ಮೂಗಿನ ಎರಡೂ ಬದಿಗೆ ಹುಣಸೆಬೀಜದಷ್ಟು ಕೆಂಪು ಗುಳಿಗಳು ಕಾಣುತ್ತಿದ್ದವು. ಕನ್ನಡಕವನ್ನು ಅಂಗಿಯ ಕಿಸೆಗೆ ಹಾಕಿ, ಕತ್ತು ತುಸು ಮುಂದೆ ಚಾಚಿ, ಎದುರಿನವರ ಮಾತು ಮುಗಿಯುವ ತನಕ ಹಾಗೇ ಇರುತ್ತಿದ್ದರು. ದೃಷ್ಟಿ ಮಂದ ಇತ್ತು, ನಮ್ಮ ಮುಖ ಅವರಿಗೆ ಮಸುಕಾಗಿಯೇ ಕಂಡಿರಬೇಕು. ಕೇಳಿದರೆ, "ಮುಖ ಕಂಡ್ರ ನಾವು ಮುಖಕ್ಕ ಉತ್ತರ ಕೊಡ್ತೀವಿ. ನಾ ಮಾತಿಗೆ ಕೊಡಬೇಕಂದೀನಿ" ಅನ್ನುತ್ತಿದ್ದರು.

ಸಿಂಧನೂರಿನ ಕಾಲೇಜಿನಲ್ಲಿ ಅವರು ನಮಗೆ ಸಂವಹನದ ಮೊದಲ ಪಾಠ ಹೇಳಿದವರು. ಮನುಷ್ಯ ಮನುಷ್ಯನಿಗೆ ಹೇಗೆ ಹೇಳುತ್ತಾನೆ, ಹೇಗೆ ಕೇಳಿಸಿಕೊಳ್ಳುತ್ತಾನೆ ಎಂಬುದೂ ಓದುವ ವಿಷಯವೇ ಎಂದು ನಮಗೆ ನಗು. ಮುಕ್ಕುಂದದಿಂದ ಬರುತ್ತಿದ್ದ ಸಹಪಾಠಿಯೊಬ್ಬ ಹಿಂದಿನ ಬೆಂಚಿನಿಂದ, "ಸರ್, ಮಾತಾಡಾಕೂ ಪಾಸ್ ಆಗಬೇಕೇನ್ರಿ?" ಎಂದ.

"ಅಟೆಂಡೆನ್ಸ್ ಕಮ್ಮಿ ಐತಂತ ನಿಮ್ಮಪ್ಪಗ ಹೇಳೀಯೇನಲೇ?"

ಅವನು ತಲೆ ಕೆಳಗೆ ಹಾಕಿದ.

"ಹಂಗಾದ್ರ ಈ ಪೇಪರ್ ನಿನಗ ಬೇಕಾಗೇತಿ ತಗೋ."

ನನ್ನದು ಕಾನ್ವೆಂಟ್ ಓದು. ಸಿಸ್ಟರ್ ಕೇಳಿದರೆ ಎದ್ದು ನಿಂತು ಉತ್ತರ ಹೇಳುವುದು, ಇಲ್ಲವಾದರೆ ಕೈ ಕಟ್ಟಿ ಕೂರುವುದು. ಆ ಅಭ್ಯಾಸ ಕಾಲೇಜಿಗೂ ನನ್ನ ಜೊತೆ ಬಂದಿತ್ತು. "ಏನವಾ ಕಾನ್ವೆಂಟ್, ಇವತ್ತರ ಬಾಯಿ ತೆಗೀತೀಯೋ, ನಾಳೆಗೆ ಇಟ್ಕೊಂಡೀಯೋ?" ಎಂದು ಸರ್ ಕಾಡಿಸುತ್ತಿದ್ದರು.

ಒಂದು ದಿನ ಹಲಗೆಯ ಮೇಲೆ ಹೇಳುವವನು, ಕೇಳುವವನು ಎಂದು ಬರೆದು, ನಡುವೆ ಬಾಣ ಎಳೆದರು. ಆ ಬಾಣಕ್ಕೆ ಏನೇನು ಅಡ್ಡಿ ಬರುತ್ತದೆ ಎಂದು ಕೇಳಿದರು. ಟ್ರ್ಯಾಕ್ಟರ್ ಸದ್ದು, ನೆಟ್‌ವರ್ಕ್ ಇಲ್ಲದ್ದು, ಭಾಷೆ ಬಾರದ್ದು ಎಂದು ನಾವು ಒದರಿದೆವು. ಸರ್ ಬಾಣದ ಮೇಲೆ 'ಕನಿಕರ' ಎಂದು ಬರೆದರು. ಆಮೇಲೆ ತಮ್ಮ ತಂದೆಯ ಮಾತು ತೆಗೆದರು.

ಅವರ ಊರು ಲಿಂಗಸುಗೂರು. ಸಿಂಧನೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಊರಿಂದ ಕಾಲೇಜಿಗೆ ಫೋನು ಬಂತಂತೆ: "ನಿಮ್ಮಪ್ಪ ಸೀರಿಯಸ್ ಅದಾನ, ಲಗೂನ ಬಾ." ನಮ್ಮ ಕಡೆ ಸತ್ತರೆ ಸತ್ತರು ಎಂದು ಫೋನಿನಲ್ಲಿ ಯಾರೂ ಹೇಳುವುದಿಲ್ಲ. ದಾರಿಯಲ್ಲಿ ಎದೆ ಒಡೆದುಕೊಂಡಾರು ಎಂದು ಸೀರಿಯಸ್ ಅನ್ನುತ್ತಾರೆ. ಇದು ಎಲ್ಲರಿಗೂ ಗೊತ್ತು. ಫೋನು ತಮ್ಮ ಮನೆಗೆ ಬಂದಾಗ ಮಾತ್ರ ಮರೆತುಹೋಗುತ್ತದೆ.

"ಮಸ್ಕಿಯಾಗ ಬಸ್ ನಿಂತಾಗ ಇಳದು ಎಳನೀರು ತಗೊಂಡೆ. ಅಪ್ಪಗ ಭಾಳ ಸೇರತಿತ್ತು. ಮನಿ ತಿರುವಿನಾಗ ನಿಂತು ನೋಡಿದ್ರ, ಅಪ್ಪ ಅಂಗಳದಾಗ ಗ್ವಾಡಿಗೆ ಆತು ಕುಂತಾನ, ಹಣಿ ತುಂಬ ವಿಭೂತಿ. ಎದ್ದು ಕುಂತಾನ, ಚಲೋ ಆಗ್ಯಾನ ಅಂತ ನಕ್ಕೋತ ಓಡಿದೆ."

ತರಗತಿಯಲ್ಲಿ ಬಹಳಷ್ಟು ಜನ ನಾವು ಲಿಂಗಾಯತರ ಮನೆಯವರು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ.

"ಆ ನಗು ಎಲ್ಲಾರೂ ನೋಡಿದ್ರು. ನನ್ನ ಮ್ಯಾಲಿನ ಪ್ರೀತಿಗೇ ಸುಳ್ಳು ಹೇಳಿದ್ರು, ಬೈಯಾಕ ಬರಂಗಿಲ್ಲ. ಆದ್ರ ನಾ ಅಳಬೇಕಾದ ದಾರೀನ ಕಸಗೊಂಡ್ರು. ಹೇಳೋದು ಬಂದ್ರ ಹತ್ರ ಕುಂತು, ಇದ್ದದ್ದು ಇದ್ದಂಗ ಹೇಳ್ರಿ."

ನಿವೃತ್ತಿಯಾದ ಮೇಲೆ ಸರ್ ಲಿಂಗಸುಗೂರಿಗೆ, ಮಗನ ಮನೆಗೆ ಹೋದರು. ಅವರ ಮಗಳು ಮದುವೆಯಾಗಿ ಸಿಂಧನೂರಿನಲ್ಲಿ ನಮ್ಮ ಓಣಿಗೇ ಬಂದಳು. ತವರಿನಿಂದ ಬಂದ ಗುರೆಳ್ಳು ಚಟ್ನಿ ಪುಡಿಯಲ್ಲಿ ಒಂದು ಪಾಲು ನನ್ನ ಡಬ್ಬಿಗೂ ಹಾಕುತ್ತಿದ್ದಳು. ಹೋದ ಬೇಸಿಗೆಯ ಒಂದು ಮಧ್ಯಾಹ್ನ ಅವಳ ಅಣ್ಣ ನನಗೆ ಫೋನು ಮಾಡಿದ. ಊಟಕ್ಕೆ ಕೂತಿದ್ದ ಸರ್ ಹಾಗೇ ಒರಗಿಬಿಟ್ಟಿದ್ದರು. "ಆಕಿಗೆ ಹೇಳಬ್ಯಾಡ್ರಿ ಅಕ್ಕಾರ. ಸೀರಿಯಸ್ ಅಂತ ಅಂದು ಕಾರ್ ಹತ್ತಿಸಿಬಿಡ್ರಿ" ಎಂದ.

ನನ್ನ ಗಂಡನೂ ಅದನ್ನೇ ಅಂದರು. "ಸುಮ್ನ ಕರಕೊಂಡು ಹೋಗು. ಹೇಳಿದಿ, ದಾರ್ಯಾಗ ಆಕಿಗೆ ಏನರ ಆತು, ಯಾರು ಜವಾಬ್ದಾರಿ?" ಆ ಭಯ ನನಗೂ ಇತ್ತು.

ನಾನು ಹೋದಾಗ ಅವಳು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಮುಂಗೈಗೆ ಒಂದು ಸಿಪ್ಪೆ ಅಂಟಿತ್ತು. "ಬರ್ರಿ ಅಕ್ಕಾ. ಅಪ್ಪ ಫೋನ್ ಎತ್ತವಲ್ಲ ನೋಡ್ರಿ, ಸೈಲೆಂಟ್ ಇಟ್ಟು ಮಲಗಿರಬೇಕು."

ಅವಳ ಕೈಯಿಂದ ಚಾಕು ತೆಗೆದು ಪಕ್ಕಕ್ಕಿಟ್ಟು, ಮಗ್ಗುಲಲ್ಲಿ ಕೂತೆ. ಸೀರಿಯಸ್ ಎಂಬ ಮಾತು ತಾನಾಗಿ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದೆಷ್ಟು ಸಲೀಸು.

"ತಂಗೀ, ಸರ್ ತೀರಿಕೊಂಡಾರ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಸೀರಿಯಸ್ ಅಲ್ಲೇನ್ರಿ?"

"ಅಲ್ಲ ತಂಗೀ."

ದಾರಿ ಉದ್ದಕ್ಕೂ ಅತ್ತಳು. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಮಸ್ಕಿಯಲ್ಲಿ ಎಳನೀರಿನ ಗಾಡಿಗಳು ಬೇವಿನ ನೆರಳಿಗೆ ನಿಂತಿದ್ದವು. ಅವಳು ಅತ್ತ ನೋಡಲಿಲ್ಲ, ಕಾರು ನಿಲ್ಲಲಿಲ್ಲ.

ಲಿಂಗಸುಗೂರಿನಲ್ಲಿ ಮನೆಯ ತಿರುವಿಗೆ ಇಳಿದಾಗ, ಅಂಗಳದ ಗೋಡೆಗೆ ಆತು ಸರ್ ಕೂತಿದ್ದರು. ಅವಳು ಓಡಲಿಲ್ಲ. ನಡೆದು ಹೋಗಿ, ಎದುರಿಗೆ ಕೂತು, "ಅಪ್ಪಾ" ಎಂದು ಮಾತು ಶುರು ಮಾಡಿದಳು.

ಕನ್ನಡಕವನ್ನು ಯಾರೋ ತೆಗೆದಿಟ್ಟಿದ್ದರು. ವಿಭೂತಿಯ ಕೆಳಗೆ, ಮೂಗಿನ ಎರಡೂ ಬದಿಗೆ, ಆ ಗುಳಿಗಳು ಹಾಗೇ ಇದ್ದವು.